ಮನೆ ನೋಡಲು ಬಂದವಳ ಉಡಿ

ಟಿವಿಯನ್ನು ಗೋಡೆಯಿಂದ ಬಿಚ್ಚಿ ಬೇಸ್‌ಮೆಂಟಿಗೆ ಇಳಿಸಿ ಮೇಲೆ ಬಂದ ನಿಜಗುಣ, ಪಡಸಾಲೆಯ ನಡುವೆ ನಿಂತು ಗೋಡೆ ನೋಡಿದ. ಟಿವಿ ಇದ್ದ ಜಾಗದಲ್ಲಿ ಈಗ ಸ್ಕ್ರೂ ತೂತುಗಳು, ಅವುಗಳ ಸುತ್ತ ಬಿಸಿಲು ಕಾಣದೆ ಉಳಿದ ಬಣ್ಣದ ದೊಡ್ಡದೊಂದು ಚೌಕ. ಇದು ಮೊದಲಿಗಿಂತ ಕೆಟ್ಟದಾಯಿತು ಅನ್ನಿಸಿತು. ಟಿವಿ ಇದ್ದರೆ, ಇವತ್ತು ಮನೆ ನೋಡಲು ಬರುವವಳು ಟಿವಿ ಇದೆ ಅಂದುಕೊಳ್ಳುತ್ತಾಳೆ, ಅಷ್ಟೇ. ಈ ಚೌಕ ಕಂಡರೆ ಮುಚ್ಚಿಟ್ಟಿದ್ದಾರೆ ಅಂದುಕೊಳ್ಳುತ್ತಾಳೆ. ಮತ್ತೆ ಮೇಲೆ ತರೋಣವೆಂದರೆ ಸೊಂಟ ಹಿಡಿದುಕೊಂಡಿತ್ತು. ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಹೋಗುವಾಗ ಮಗಳು ಈಶಾ, ಅಪ್ಪ ಸ್ಕ್ರೂಡ್ರೈವರ್ ಹಿಡಿದು ಕುರ್ಚಿ ಹತ್ತಿದ್ದನ್ನು ನೋಡಿ, ಶೂ ಕಟ್ಟಿಕೊಳ್ಳುತ್ತಲೇ ಕೇಳಿದ್ದಳು: "ಆರ್ ವಿ ಪೂರ್ ನೌ?" ಹವೆ ಹೇಗಿದೆ ಎಂದು ಕೇಳಿದ ಹಾಗೆ ಕೇಳಿದ್ದಳು. ಇವನು, ಬಸ್ಸು ತಪ್ಪುತ್ತದೆ ಎಂದ.

ಅಡಿಗೆಮನೆಯಿಂದ ಹೂರಣದ ವಾಸನೆ ಬರುತ್ತಿತ್ತು. ಮನೆಯ ಕಂತು ಕಟ್ಟಲಾಗದೆ ಸರ್ಕಾರದ ನೆರವಿಗೆ ಅರ್ಜಿ ಹಾಕಿದವರ ಮನೆಗೆ, ಇವರು ನಿಜವಾಗಿಯೂ ಕಷ್ಟದಲ್ಲಿದ್ದಾರೆಯೇ ಎಂದು ನೋಡಲು ಒಬ್ಬಳು ಬರುವವಳಿದ್ದಾಳೆ, ಈ ಮನೆಯಲ್ಲಿ ಹೋಳಿಗೆ ಬೇಯುತ್ತಿದೆ. ಒಳಗೆ ಹೋಗಿ ನೋಡಿದರೆ ತೃಪ್ತಿ ಇಳಕಲ್ ಸೀರೆ ಉಟ್ಟು, ಎರಡೂ ಕೈಗೆ ಬಂಗಾರದ ಪಾಟ್ಲಿ ಹಾಕಿಕೊಂಡು, ಹಣೆಗೆ ಕುಂಕುಮವಿಟ್ಟು ಹಂಚಿನ ಮುಂದೆ ನಿಂತಿದ್ದಳು. ಯಾರದೋ ಮದುವೆಗೆ ಹೊರಟವಳ ಹಾಗಿದ್ದಳು.

"ಪಾಟ್ಲಿ ಆದ್ರೂ ತೆಗೆದಿಡು," ಎಂದ ದನಿ ತಗ್ಗಿಸಿ.

"ಯಾಕ?"

"ಯಾಕಂದ್ರ? ನಮ್ಮ ಹತ್ರ ರೊಕ್ಕ ಇಲ್ಲಂತ ನೋಡಾಕ ಬರಾಕತ್ತಾಳ ಅಕಿ. ಬಂಗಾರ ನೋಡಾಕಲ್ಲ."

ತೃಪ್ತಿ ಹೋಳಿಗೆ ತಿರುವಿ ಹಾಕಿದಳು. "ನಮ್ಮ ಮನಿಗೆ ಮೊದಲನೇ ಸಲ ಬರಾಕತ್ತಾಳ. ಶುಕ್ರವಾರ ಬ್ಯಾರೆ. ಬರಿಗೈಲೆ, ಹಳೇ ನೈಟಿ ಹಾಕ್ಕೊಂಡು ಬಾಗಲಾ ತೆಗೀಲೇನು? ಬಡವರಂಗ ವೇಷಾ ಹಾಕೂದು ನನ್ನ ಕಡಿಂದ ಆಗಂಗಿಲ್ರಿ. ಇದ್ದದ್ದು ಇದ್ದಂಗ ನೋಡ್ಲಿ."

ಇದ್ದದ್ದು ಇದ್ದ ಹಾಗೆ ಇವಳಿಗೆ ಗೊತ್ತಿತ್ತೇ? ಸಾಲ ಕೊಟ್ಟವರ ವಕೀಲರಿಂದ ನೋಟಿಸು ಬಂದದ್ದು ಗೊತ್ತಿತ್ತು. ಈ ತಿಂಗಳು ಮುಗಿಯುವುದರೊಳಗೆ ಬಾಕಿ ಕಟ್ಟದಿದ್ದರೆ ಮನೆಯನ್ನು ಅವರೇ ಮಾರುತ್ತಾರೆ ಎಂಬುದೂ ಗೊತ್ತಿತ್ತು. ನೆರವು ಸಿಕ್ಕರೆ ಬಾಕಿ ತೀರುತ್ತದೆ, ಸಿಗದಿದ್ದರೆ ಮನೆ ಹೋಗುತ್ತದೆ; ಅದರ ನಡುವೆ ಬೇರೇನೂ ಉಳಿದಿರಲಿಲ್ಲ. ಆದರೆ ಅರ್ಜಿಯನ್ನು ಮಾತ್ರ ನಿಜಗುಣ ಅವಳಿಗೆ ತೋರಿಸಿರಲಿಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿ, ಕೆನಡಾಕ್ಕೆ ಬಂದ ಮೇಲೆ ಡೇಕೇರಿನಲ್ಲಿ ಮಕ್ಕಳ ಮೂಗೊರೆಸುವ ಕೆಲಸಕ್ಕೆ ಸೇರಿದ ತೃಪ್ತಿ, ಗಂಡ ಬರೆಯುವ ಪ್ರತಿಯೊಂದು ಈಮೇಲನ್ನೂ ತಿದ್ದಿದವಳು. ಅವನು ಒಶಾವಾ ಊರಿನ ಕಾರು ಕಾರ್ಖಾನೆಗೆ ಹಾಕಿದ ಅರ್ಜಿ ತಿದ್ದಿದವಳೂ ಅವಳೇ. ಕಾರ್ಖಾನೆ ಒಂದು ಶಿಫ್ಟನ್ನೇ ನಿಲ್ಲಿಸಿ ಇವನನ್ನು ಮನೆಗೆ ಕಳಿಸಿದಾಗ, ಮುಂದಿನ ಕೆಲಸಗಳಿಗೆ ಹಾಕಿದ ಅರ್ಜಿಗಳನ್ನು ತಿದ್ದಿದವಳೂ ಅವಳೇ. ಈ ಒಂದನ್ನು ಮಾತ್ರ ಅವನು ಗ್ಯಾರೇಜಿನಲ್ಲಿ ಕಾರಿನೊಳಗೆ ಕೂತು, ತಪ್ಪೋ ನೆಟ್ಟಗೋ, ಒಬ್ಬನೇ ತುಂಬಿದ್ದ. 'ನಿಮ್ಮ ಕಷ್ಟಕ್ಕೆ ಕಾರಣವೇನು, ವಿವರಿಸಿ' ಎಂಬಲ್ಲಿ ತಾನು ಬರೆದದ್ದನ್ನು ಅವಳು ಓದುವುದು ಅವನಿಗೆ ಬೇಡವಾಗಿತ್ತು. ಬಡ್ಡಿ ಏರಿತು, ಕೆಲಸ ಹೋಯಿತು ಎಂದು ಬರೆದಿದ್ದ. ಒಶಾವಾದಲ್ಲಿ ಒಂದು ಸಣ್ಣ ಟೌನ್‌ಹೌಸ್ ಸಾಕು ಎಂದು ಹೆಂಡತಿ ಅಂದಾಗ, ಗೋಡೆಗೆ ಗೋಡೆ ಅಂಟಿಸಿಕೊಂಡು ಇರುವುದಕ್ಕೆ ಕೆನಡಾಕ್ಕೆ ಯಾಕೆ ಬರಬೇಕಿತ್ತು ಎಂದು ತಾನು ಕೇಳಿದ್ದನ್ನು ಬರೆದಿರಲಿಲ್ಲ. ಎಲ್ಲರೂ ಮೇಲೆ ಮೇಲೆ ಬಿದ್ದು ಮನೆ ಕೊಳ್ಳುತ್ತಿದ್ದ ಆ ವರ್ಷ, ಬಡ್ಡಿ ಇಳಿದೇ ಇರುತ್ತದೆ ಎಂದು ನಂಬಿ, ಅದು ಏರಿದರೆ ಕಂತೂ ಏರುವ ಸಾಲಕ್ಕೆ ಸಹಿ ಹಾಕಿದ್ದ. ಯಾರೂ ಅವನ ಕೈ ಹಿಡಿದು ಹಾಕಿಸಿರಲಿಲ್ಲ.

ಅದಕ್ಕಿಂತ ಕಷ್ಟದ ಸಂಗತಿ ಎಂದರೆ, ಹೀಗೆ ನೆರವು ಕೇಳುವುದು ತಪ್ಪು ಎಂದೇ ಅವನು ಇವತ್ತಿಗೂ ನಂಬಿದ್ದ. ಪೋರ್ಟ್ ಕ್ರೆಡಿಟ್ಟಿನ ಸರೋವರದ ದಂಡೆಗೆ ಕನ್ನಡದವರೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿದ್ದಾಗ ಇದೇ ಮಾತು ಬಂದಿತ್ತು. ಮನೆ ಉಳಿಸಿಕೊಳ್ಳಲಾಗದವರಿಗೆ ಸರ್ಕಾರ ಹಣ ಕೊಡಬೇಕೋ ಬೇಡವೋ ಎಂದು ಯಾರೋ ಕೇಳಿದ್ದೇ ತಡ, ನಿಜಗುಣ ರೊಟ್ಟಿ ಕೆಳಗಿಟ್ಟು ಶುರುಮಾಡಿದ್ದ. ಸಹಿ ಮಾಡೂಕಿಂತ ಮುಂಚೆ ಓದಬೇಕಾಗಿತ್ತು, ನಾ ಟ್ಯಾಕ್ಸ್ ಕಟ್ಟೂದು ಇನ್ನೊಬ್ಬರ ಗ್ರಾನೈಟ್ ಕಟ್ಟೆ ಉಳಸಾಕಲ್ಲ ಎಂದಿದ್ದ. ಎಲ್ಲರೂ ನಕ್ಕಿದ್ದರು. ಹುಬ್ಬಳ್ಳಿಯ ಸಂತೋಷಕುಮಾರ ಮಾತ್ರ ನಗದೆ, ಮೊಸರನ್ನದಲ್ಲಿದ್ದ ಮೆಣಸಿನಕಾಯಿಯನ್ನು ಬೆರಳಿಂದ ಒಂದು ಪಕ್ಕಕ್ಕೆ ಸರಿಸುತ್ತ ಕೂತಿದ್ದ. ಅವನ ಮನೆ ಹೋದ ಸುದ್ದಿ ಗೊತ್ತಾದದ್ದು ಆಮೇಲೆ. ನಿಜಗುಣ ಫೋನು ಮಾಡಬೇಕೆಂದುಕೊಂಡ, ಮಾಡಲಿಲ್ಲ. ಈಗ ನ್ಯೂಮಾರ್ಕೆಟ್ ಊರಿನ ಈ ಮನೆಯಲ್ಲಿ ತನ್ನದೇ ಗ್ರಾನೈಟ್ ಕಟ್ಟೆಯ ಮೇಲೆ ಹೋಳಿಗೆ ಆರಲು ಹಾಕಿರುವುದನ್ನು ನೋಡುತ್ತಿದ್ದವನಿಗೆ, ಸಂತೋಷಕುಮಾರ ಆ ಮೆಣಸಿನಕಾಯಿಯನ್ನು ಎಷ್ಟು ಹೊತ್ತು ಸರಿಸಿದ ಎಂಬುದೇ ನೆನಪಿಗೆ ಬಂತು. ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ನಿಂತವಳು ಇಪ್ಪತ್ತೆಂಟು ಮೂವತ್ತರ ಹುಡುಗಿ. ಉದ್ದನೆಯ ಕೋಟು, ಕೊರಳಿಗೆ ಅಗಲವಾದ ಸ್ಕಾರ್ಫು, ಕೈಯಲ್ಲಿ ಟ್ಯಾಬ್ಲೆಟ್ಟು. ಸರ್ಕಾರದ ಪರವಾಗಿ ಮನೆ ನೋಡುವ ಸಂಸ್ಥೆಯಿಂದ ಬಂದಿದ್ದೇನೆ, ಹೆಸರು ನಿಧಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಒದ್ದೆ ಬೂಟುಗಳನ್ನು ತೆಗೆಯಲು ಬಗ್ಗಿದವಳು ಬಗ್ಗಲಾರದೆ ಗೋಡೆ ಹಿಡಿದಳು. ಕೋಟು ಸರಿದಾಗ ಹೊಟ್ಟೆ ಕಂಡಿತು. ಆರು ತಿಂಗಳಾದರೂ ಇರಬೇಕು. ನಿಜಗುಣನ ಹಿಂದೆ ನಿಂತಿದ್ದ ತೃಪ್ತಿ ಕನ್ನಡದಲ್ಲೇ, "ಅಯ್ಯ, ಬಸುರಿ ಹುಡುಗಿ ಪಾಪ, ಕುರ್ಚಿ ಕೊಡ್ರಿ," ಎಂದಳು. ಹುಡುಗಿ ತಲೆ ಎತ್ತಿ ನಕ್ಕಳು. "ಐ ಅಂಡರ್‌ಸ್ಟ್ಯಾಂಡ್, ಆಂಟಿ. ನಮ್ಮ ಅಜ್ಜಿ ಬೆಳಗಾವಿ."

ಅಲ್ಲಿಗೆ ತೃಪ್ತಿ ಇಂಗ್ಲಿಷಿನ ಗೊಡವೆಗೇ ಹೋಗಲಿಲ್ಲ. ಬೆಳಗಾವಿಯೊಳಗ ಎಲ್ಲಿ, ಮನೆತನದ ಹೆಸರೇನು, ಎಷ್ಟನೇ ತಿಂಗಳು, ಏನೇನು ತಿನ್ನಬೇಕನಸ್ತದ, ತಾಯಿ ಹತ್ರದಾಗ ಇದ್ದಾರೋ ಇಲ್ಲೋ, ಎಲ್ಲ ಕೇಳಿದಳು. ನಿಧಿ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಮನೆ ನೋಡಿದಳು. ನಿಜಗುಣ ಅವಳ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡುತ್ತ ಹಿಂದೆ ಹಿಂದೆ ನಡೆದ. ಗೋಡೆಯ ಚೌಕದ ಹತ್ತಿರ ಅವಳು ಒಂದು ಕ್ಷಣ ನಿಂತು ಮುಂದೆ ನಡೆದಳು. ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು, ಇಲ್ಲ ಎಂದ. ನೋಡಬಹುದೇ ಎಂದಳು, ದೀಪ ಹಾಕಿದ. ಅಲ್ಲಿ, ನೆಲದ ಮೇಲೆ, ಹೊದಿಕೆ ಸುತ್ತಿದ ಟಿವಿ ಗೋಡೆಗೆ ಒರಗಿ ನಿಂತಿತ್ತು. ಹೊದಿಕೆಯ ಮೇಲೆ ಮಕ್ಕಳ ಕಾರ್ಟೂನಿನ ಚಿತ್ರಗಳಿದ್ದವು. "ಕೆಟ್ಟೈತಿ ಅದು," ಎಂದುಬಿಟ್ಟ ನಿಜಗುಣ, ಯಾರೂ ಕೇಳದೆ. ಮೆಟ್ಟಿಲ ಮೇಲಿಂದ ತೃಪ್ತಿ, "ಎಲ್ಲಿ ಕೆಟ್ಟೈತ್ರೀ, ನಿನ್ನೆ ರಾತ್ರಿ ನ್ಯೂಸ್ ನೋಡಿದ್ರಲ್ಲ," ಎಂದಳು. ನಿಧಿ ಟ್ಯಾಬ್ಲೆಟ್ಟಿನಲ್ಲಿ ಏನನ್ನೋ ಒತ್ತಿದಳು. ಹತ್ತು ವರ್ಷ ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಭಾಗಗಳನ್ನು ಬೆಳಕಿಗೆ ಹಿಡಿದು ಇದು ಪಾಸು, ಇದು ಫೇಲು ಎಂದವನಿಗೆ, ತನ್ನನ್ನು ಒಬ್ಬ ಬಸುರಿ ಹುಡುಗಿ ಹೀಗೆ ಬೆಳಕಿಗೆ ಹಿಡಿದಿದ್ದಾಳೆ ಎಂದು ಅನ್ನಿಸಿ, ಅವಳ ಮೇಲೆ ಸಿಟ್ಟೇ ಬಂತು. ಆ ಸಿಟ್ಟಿಗೆ ಯಾವ ಅರ್ಥವೂ ಇಲ್ಲ ಎಂದು ಗೊತ್ತಿತ್ತು.

ಊಟದ ಮೇಜಿಗೆ ಬಂದು ಕೂತ ಮೇಲೆ ನಿಧಿಯ ದನಿ ಹಗುರಾಯಿತು. ಪ್ರಶ್ನೆಗಳು ಮುಗಿದವು. ಹೋಳಿಗೆ ಬೇಡ, ಶುಗರ್ ಟೆಸ್ಟ್ ಇದೆ ಎಂದು ನೀರು ಕುಡಿದಳು. "ಲುಕ್ಸ್ ಓಕೆ ಟು ಮಿ, ಅಂಕಲ್," ಎಂದಳು. "ನಾನು ಇವತ್ತೇ ಕಳಿಸ್ತೀನಿ. ಮಂಡೇ ಒಳಗೆ ಹೇಳ್ತಾರೆ." ನಿಜಗುಣನ ಎದೆಯ ಮೇಲೆ ಕೂತದ್ದು ಎದ್ದು ಹೋಗುವ ಬದಲು ಅಲ್ಲೇ ಮಗ್ಗಲು ಬದಲಿಸಿತು. ಓಕೆ ಅಂದರೆ ಎಷ್ಟು ಓಕೆ? ಆ ಟಿವಿ? ಆ ಪಾಟ್ಲಿ? ಮೇಲೆ ಕೂತ ಯಾವನೋ ಒಬ್ಬ ಬೇಡವೆಂದರೆ? ಇವಳು ನಮಗಾಗಿ ಎರಡು ಮಾತು ಹೆಚ್ಚು ಬರೆಯುತ್ತಾಳೋ, ಕಂಡದ್ದಷ್ಟೇ ಬರೆಯುತ್ತಾಳೋ?

"ಒಂದ ನಿಮಿಷ ಕುಂದ್ರವಾ," ಎಂದು ತೃಪ್ತಿ ಅಡಿಗೆಮನೆಗೆ ಹೋದಳು. ಬಸುರಿ ಹೆಣ್ಣುಮಗಳು ಮೊದಲ ಸಲ ಮನೆಗೆ ಬಂದು ಉಡಿ ತುಂಬಿಸಿಕೊಳ್ಳದೆ ಹೋಗುವುದೆಂದರೇನು? ಕೂತಲ್ಲಿಂದ ನಿಜಗುಣನಿಗೆ ಅವಳು ಕಾಣುತ್ತಿದ್ದಳು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಬೆಲ್ಲ. ಕಪಾಟಿನಿಂದ ರವಿಕೆಗೆಂದು ಒಂದು ಗುಳೇದಗುಡ್ಡದ ಖಣ ತೆಗೆದಳು. ಆಮೇಲೆ ಪರ್ಸು ತೆರೆದು ಒಂದು ಇಪ್ಪತ್ತು ಡಾಲರಿನ ನೋಟು ತೆಗೆದು, ಅವಳ ತವರಿನಲ್ಲಿ ಮಾಡುತ್ತಿದ್ದ ಹಾಗೆ, ಖಣದ ಮಡಿಕೆಯೊಳಗೆ ಇಟ್ಟಳು.

ಆಗ ನಿಜಗುಣನಿಗೆ ಅರ್ಜಿಯ ಕೊನೆಯ ಪುಟ ನೆನಪಿಗೆ ಬಂತು. ಬಂತು ಎಂದರೆ ಸುಳ್ಳು. ಅದು ಬೆಳಗಿನಿಂದಲೂ ತಲೆಯ ಒಂದು ಮೂಲೆಯಲ್ಲಿ ಕೂತೇ ಇತ್ತು. ಮನೆ ನೋಡಲು ಬರುವವರಿಗೆ ಹಣವಾಗಲಿ ಉಡುಗೊರೆಯಾಗಲಿ ಕೊಡಕೂಡದು, ತಿಳಿದೂ ಕೊಟ್ಟರೆ ಅರ್ಜಿ ಅಲ್ಲಿಗೇ ಮುಕ್ತಾಯ. ಇದನ್ನು ಓದಿದ್ದೇನೆ, ಮನೆಯ ಇತರ ದೊಡ್ಡವರಿಗೂ ವಿವರಿಸಿದ್ದೇನೆ. ಅದರ ಕೆಳಗೆ ಅವನ ಸಹಿ ಇತ್ತು. ಓದಿಯೇ ಸಹಿ ಮಾಡಿದ್ದ. ತೃಪ್ತಿಗೆ ವಿವರಿಸಿರಲಿಲ್ಲ, ಏಕೆಂದರೆ ವಿವರಿಸಬೇಕಾದರೆ ಅರ್ಜಿ ತೋರಿಸಬೇಕಿತ್ತು. ಈಗ ಎದ್ದು ಹೋಗಿ, ನೋಟು ಬ್ಯಾಡ ಅಂದರೆ ಸಾಕಿತ್ತು. ಅಡಿಗೆಮನೆ ಎಷ್ಟು ದೂರವಿತ್ತು? ಅವನು ಏಳಲಿಲ್ಲ. ನಮ್ಮ ಮನೆಯ ಅಕ್ಕಿಯನ್ನು ಉಡಿಯಲ್ಲಿ ಹಾಕಿಸಿಕೊಂಡ ಹುಡುಗಿ ನಮಗೆ ಕೇಡು ಬರೆಯುತ್ತಾಳೆಯೇ ಎಂಬ ಯೋಚನೆಯೊಂದು, ಎಲ್ಲಿಂದಲೋ ತೆವಳಿ ಬಂದು, ಅವನ ಪಕ್ಕದ ಕುರ್ಚಿಯಲ್ಲಿ ಕೂತಿತು. ಅದನ್ನು ಓಡಿಸುವ ಮನಸ್ಸು ಅವನಿಗಿರಲಿಲ್ಲ. ತೃಪ್ತಿ ಕೊಡುತ್ತಿರುವುದು ಉಡಿ. ತಾನು ಸುಮ್ಮನೆ ಕೂತು ಕೊಡಿಸುತ್ತಿರುವುದಕ್ಕೆ ಬೇರೆ ಹೆಸರಿದೆ. ಅದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದುರು ಕೂತ ನಿಧಿಯ ಕಡೆ ನೋಡಿ, ಹೊರಗ ಬಾಳ ಥಂಡಿ ಐತಿ ಅಲ್ಲ, ಎಂದ.

ತೃಪ್ತಿ ಬಂದು ಕುಂಕುಮ ಹಚ್ಚಿ ತಟ್ಟೆ ಹಿಡಿದಾಗ ನಿಧಿ ಗಾಬರಿಯಾದಳು. "ಆಂಟಿ, ನೋ, ಇದು..." ಎಂದವಳು ಅರ್ಧಕ್ಕೇ ನಿಂತಳು. ಹುಟ್ಟಲಿರುವ ಮಗುವಿಗೆ ಯಾರೋ ಒಳ್ಳೆಯದು ಬಯಸಿ ತಂದದ್ದನ್ನು ಬೇಡ ಅನ್ನುವ ಧೈರ್ಯ ಅವಳಿಗೆ ಬರಲಿಲ್ಲವೇನೋ. ಅಜ್ಜಿ ಹೇಳಿಕೊಟ್ಟದ್ದು ನೆನಪಾಗಿರಬಹುದು. ಎದ್ದು ನಿಂತು ಸ್ಕಾರ್ಫಿನ ಎರಡೂ ತುದಿ ಹಿಡಿದು ಉಡಿ ಒಡ್ಡಿದಳು. ತೃಪ್ತಿ ಬೊಗಸೆ ತುಂಬ ಅಕ್ಕಿ ಹಾಕಿ, ಮೇಲೆ ಖಣ ಇಟ್ಟು, "ಛಂದಂಗ ಹಡದು ಕೂಸಿನ್ನ ಕರಕೊಂಡು ಬಾರವಾ," ಎಂದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ನಿಜಗುಣನಿಗೆ ತನ್ನ ಮೇಲೆ ಅಸಹ್ಯವಾಯಿತು.

ನಿಧಿ ಹೋಗಿ ಕಾರಿನಲ್ಲಿ ಕೂತಳು. ಕಾರು ಹೊರಡಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ನಿಜಗುಣನಿಗೆ ಅವಳು ತಲೆ ತಗ್ಗಿಸಿದ್ದು ಕಂಡಿತು. ಸ್ವಲ್ಪ ಹೊತ್ತಿಗೆ ಇಳಿದು ಬಂದಳು. ಅವನು ಚಪ್ಪಲಿಯಲ್ಲೇ ಹೊರಗೆ ಹೋದ. ಅವಳ ಕೈಯಲ್ಲಿ ಆ ನೋಟಿತ್ತು.

"ಅಂಕಲ್, ಅಕ್ಕಿ ಅಂದ್ರೆ ನಾನು ಎಕ್ಸ್‌ಪ್ಲೇನ್ ಮಾಡ್ತೀನಿ. ಕ್ಯಾಶ್ ಆಗಲ್ಲ. ಐ ಹ್ಯಾವ್ ಟು ರಿಪೋರ್ಟ್ ಇಟ್. ನನ್ನ ಜೊತೆ ಇದ್ದವಳು ಒಬ್ಬಳು ಇದಕ್ಕೇ ಕೆಲಸ ಕಳ್ಕೊಂಡಳು." ಕಂಕುಳಲ್ಲಿದ್ದ ಟ್ಯಾಬ್ಲೆಟ್ಟು ತೆಗೆದು ನೋಡಿದಳು. "ನೀವು ಸೈನ್ ಮಾಡಿದ್ದೀರಾ. ಮನೆಯಲ್ಲಿ ಎಲ್ಲರಿಗೂ ಹೇಳಿದ್ದೀನಿ ಅಂತ. ಆಂಟಿಗೆ ಗೊತ್ತಿತ್ತಾ? ಗೊತ್ತಿದ್ದು ಕೊಟ್ಟಿದ್ರೆ ಫೈಲ್ ಕ್ಲೋಸ್. ಗೊತ್ತಿಲ್ಲದೆ ಕೊಟ್ಟಿದ್ರೆ ವಾಪಸ್ ಕೊಟ್ಟೆ ಅಂತ ನೋಟ್ ಬರೀತೀನಿ, ಅಷ್ಟೇ. ಡಿಡ್ ಯು ಟೆಲ್ ಹರ್?"

ಹೇಳಿಲ್ಲ ಎಂದರೆ ಸಹಿ ಸುಳ್ಳಾಗುತ್ತದೆ. ಹೇಳಿದ್ದೇನೆ ಎಂದರೆ ತೃಪ್ತಿ ತಿಳಿದೂ ಲಂಚ ಕೊಟ್ಟವಳಾಗುತ್ತಾಳೆ. ಹೇಳಿಲ್ಲ, ಆದರೆ ನನಗೆ ಗೊತ್ತಿತ್ತು, ನೋಟು ಮಡಿಚುವುದನ್ನೂ ನೋಡಿದೆ ಎಂದರೆ? ಆ ಮಾತು ನಾಲಿಗೆಯ ತನಕ ಬಂತು, ನಿಜವಾಗಿಯೂ ಬಂತು. ಅದರ ಹಿಂದೆಯೇ ತಿಂಗಳ ಕೊನೆ, ವಕೀಲರು, ಈಶಾಳ ಸ್ಕೂಲ್ ಬಸ್ಸು, ದಂಡೆಯ ಮೇಲೆ ನಗುವ ಕನ್ನಡದವರು ಎಲ್ಲ ಬಂದು ನಿಂತರು.

"ಹೇಳೇನ್ರೀ," ಎಂದ. ತನಗಿಂತ ಎಷ್ಟೋ ಚಿಕ್ಕ ಹುಡುಗಿಗೆ ಬಹುವಚನ ತಾನಾಗಿಯೇ ಬಂದಿತ್ತು. "ನಾ ಹೇಳೇನಿ, ಪೇಪರ್ ಸೈತ ತೋರಿಸೇನಿ. ಆದರ ಅಕಿಗೆ ಇಂಗ್ಲಿಷ್ ಅಷ್ಟ ಬರೂದಿಲ್ರಿ. ಹಳ್ಳ್ಯಾಗ ಬೆಳದಾಕಿ. ತಿಳೀದ ಮಾಡ್ಯಾಳ. ಅಕಿದು ತಪ್ಪ ಹಿಡೀಬ್ಯಾಡ್ರಿ."

ನಿಧಿ ಅವನ ಹೆಗಲಾಚೆ ನೋಡಿದಳು. ಅವನೂ ತಿರುಗಿದ. ಬಾಗಿಲಲ್ಲಿ ತೃಪ್ತಿ ನಿಂತಿದ್ದಳು, ಇಳಕಲ್ ಸೀರೆಯ ಮೇಲೆ ಅವನದೇ ಜಾಕೆಟು ಹಾಕಿಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಡ್ರೈವ್‌ವೇ ಅಷ್ಟೇನೂ ಉದ್ದವಿರಲಿಲ್ಲ.

"ನಾನು ಅವರನ್ನೇ ಕೇಳಬೇಕು," ಎಂದು ನಿಧಿ ಅವನನ್ನು ದಾಟಿ, ಹೊಟ್ಟೆಗೆ ಒಂದು ಕೈ ಆನಿಸಿಕೊಂಡು ಬಾಗಿಲಿಗೆ ಹೋದಳು. ಇಂಗ್ಲಿಷಿನಲ್ಲಿ, ನಿಧಾನಕ್ಕೆ, ಒಂದೊಂದೇ ಮಾತು ಬಿಡಿಸಿ ಕೇಳಿದಳು. ನಮಗೆ ಏನನ್ನೂ ಕೊಡಬಾರದು ಎಂದು ಬರೆದ ಕಾಗದವನ್ನು ನೀವು ಓದಿದ್ದಿರಾ? ಅದು ನಿಮಗೆ ಅರ್ಥವಾಗಿತ್ತೇ? ನಾನು ಈಗ ಕೇಳುತ್ತಿರುವುದು ಅರ್ಥವಾಗುತ್ತಿದೆಯೇ?

ತೃಪ್ತಿ ಗಂಡನನ್ನು ನೋಡಿದಳು. ಬೆಳಗಿನಿಂದ ಒಂದು ಬಳೆ ತೆಗೆಯಲೂ ಒಪ್ಪದವಳು. ನಿಜಗುಣನಿಗೆ ಅವಳ ಕಣ್ಣಲ್ಲಿ ಕಣ್ಣಿಡಲಾಗಲಿಲ್ಲ, ಹೊಸ್ತಿಲು ನೋಡಿದ. ಅವಳು ಏನು ಬೇಕಾದರೂ ಹೇಳಬಹುದಿತ್ತು, ಅವನಿಗಿಂತ ಚೆಂದದ ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಪಕ್ಕದ ಮನೆಯವನು ಹಿಮ ತಳ್ಳುವ ಯಂತ್ರ ಶುರುಮಾಡಿದ, ನಿಲ್ಲಿಸಿದ.

"ಏನ್ ಕೇಳಾಕತ್ತಾಳ್ರೀ ಈಕಿ?" ಎಂದಳು ತೃಪ್ತಿ. "ನನಗ ತಿಳೀವಲ್ದು."

ನಿಧಿ ಟ್ಯಾಬ್ಲೆಟ್ಟು ನೋಡಿದಳು. ಅರ್ಜಿದಾರನ ಹೆಂಡತಿಯ ಉದ್ಯೋಗ ಅದರಲ್ಲಿ ಇದ್ದೇ ಇತ್ತು: ಡೇಕೇರ್, ಆರು ವರ್ಷ. ದಿನವೆಲ್ಲ ಇಂಗ್ಲಿಷಿನ ಮಕ್ಕಳ ಜೊತೆ, ಇಂಗ್ಲಿಷಿನ ತಾಯಿಯರ ಜೊತೆ. ಅವಳು ಅದನ್ನು ನೋಡಿದ್ದು ನಿಜಗುಣನಿಗೆ ಕಂಡಿತು, ತೃಪ್ತಿಗೂ ಕಂಡಿರಬೇಕು. ಆಮೇಲೆ ಏನೋ ಬರೆದಳು, ಬಹಳ ಹೊತ್ತೇನೂ ಬರೆಯಲಿಲ್ಲ. ನೋಟನ್ನು ನಿಜಗುಣನಿಗೆ ಕೊಡದೆ ತೃಪ್ತಿಯ ಕೈಯಲ್ಲಿಟ್ಟು, "ಪರವಾಗಿಲ್ಲ ಆಂಟಿ," ಎಂದಳು. "ಅಕ್ಕಿ ನಾನು ತಗೊಂಡು ಹೋಗ್ತೀನಿ." ಅವನ ಕಡೆ ತಿರುಗದೆ ಕಾರು ಹತ್ತಿದಳು. ಕಾರು ತಿರುವಿನ ತನಕ ಹೋಗುವುದನ್ನು ಅವನು ನಿಂತು ನೋಡಿದ.

ಒಳಗೆ ಬಂದಾಗ ಅವನ ಕಾಲುಗಳು ಹಗುರಾಗಿದ್ದವು, ಅದು ಅವನಿಗೆ ನಾಚಿಕೆ ತರಿಸಿತು. ಮನೆ ಉಳಿಯಿತು, ಬಹುಶಃ ಉಳಿಯಿತು. ತೃಪ್ತಿ ಜಾಕೆಟು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದಳು. ಏನಾದರೂ ಹೇಳಬೇಕಿತ್ತು.

"ಆಗ್ತೈತಿ ಅನಸ್ತೈತಿ ನೋಡು," ಎಂದ. "ಸೋಮವಾರದೊಳಗ. ತೃಪ್ತೀ, ನಾ ಬ್ಯಾರೆ ಏನ್ ಹೇಳಾಕ ಆಗ್ತಿತ್ತು, ನೀನ ಹೇಳು."

ಅವಳು ತಿರುಗಿದಳು. ಡೇಕೇರಿನಲ್ಲಿ ಗುರುತಿಲ್ಲದ ತಂದೆತಾಯಿಯರ ಜೊತೆ ಮಾತಾಡುವ, ಸಂಜೆ ಅವಳನ್ನು ಕರೆತರಲು ಹೋದಾಗ ಗಾಜಿನ ಬಾಗಿಲಾಚೆಯಿಂದ ಅವನು ಎಷ್ಟೋ ಸಲ ಕೇಳಿದ್ದ ಆ ಸ್ಪಷ್ಟವಾದ, ಸೌಜನ್ಯದ ದನಿಯಲ್ಲಿ, ಮದುವೆಯಾದಂದಿನಿಂದ ಮೊದಲ ಬಾರಿಗೆ ಅವನೊಡನೆ ಇಂಗ್ಲಿಷಿನಲ್ಲಿ ಮಾತಾಡಿದಳು.

"ಪ್ಲೀಸ್ ಕ್ಲೋಸ್ ದ ಡೋರ್," ಎಂದಳು. "ದ ಹೀಟ್ ಈಸ್ ಗೋಯಿಂಗ್ ಔಟ್."